ಕೆಂಪು ದಾರ

"ಇಷ್ಟು ಚಿಕ್ಕ ತಲೇನ ದೇವರು ಯಾಕಾದ್ರೂ ಮಾಡ್ತಾನೋ?"

ಕರ್ಟ್ ಕೇಳಿದ್ದು ಯಾರನ್ನೂ ಅಲ್ಲ. ಹಿಮದ ಮೇಲೆ ಓಡುವ ಎಂಜಿನ್ ಬಂಡಿಗಳನ್ನು ಮಾರುವ ಅಣ್ಣ ರೇಯ ಸ್ನೋಮೊಬೈಲ್ ಅಂಗಡಿಯಲ್ಲಿ ಆರು ವರ್ಷದ ಮಗಳು ಸೈಮಾಳನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡಿದ್ದ. ಅವಳಿಗೆ ತೊಡಿಸಿದ ನಾಲ್ಕನೆಯ ಹೆಲ್ಮೆಟ್ಟೂ ಕೋಲಿನ ಮೇಲೆ ಕವುಚಿದ ಮಡಕೆಯಂತೆ ಸುತ್ತುತ್ತಿತ್ತು.

"ದೊಡ್ಡದೇ ಇರಲಿ ಬಿಡಣ್ಣ. ಮುಂದಿನ ಚಳಿಗಾಲಕ್ಕೂ ಆಗುತ್ತೆ."

"ಲಂಗ ಅಲ್ಲ ಕಣೋ ಅದು, ಉದ್ದ ಹೊಲಿಸಿ ಆಮೇಲೆ ಬಿಚ್ಚೋದಕ್ಕೆ. ಕೆನ್ನೆ ಉಬ್ಬಿ ಅಳಿಲಿನ ಮುಖ ಆಗ್ಬೇಕು, ಆಗ ಸರಿ ಅಳತೆ." ರೇ ಒಳಗೆ ಹೋಗಿ ಕಿತ್ತಳೆ ಬಣ್ಣದ್ದೊಂದನ್ನು ತಂದು ಒತ್ತಿ ಕೂರಿಸಿದ. ಸೈಮಾ ಅಳಿಲಾದಳು.

"ಏನೂ ಕೇಳ್ಸಲ್ಲ ದೊಡ್ಡಪ್ಪ," ಎಂದಿತು ಒಳಗಿನ ದನಿ.

"ಕೇಳಿಸ್ಕೊಂಡು ಏನಾಗ್ಬೇಕು? ಓಡಿಸಿದ್ರೆ ಸಾಕು," ಎಂದ ಕರ್ಟ್. ಅವನ ಕಣ್ಣು ಗಲ್ಲಾಪೆಟ್ಟಿಗೆಯ ಮೇಲಿನ ಹಲಗೆಯ ಮೇಲಿತ್ತು. ಊರಿನ ಕೆರೆ ಹೆಪ್ಪುಗಟ್ಟಿದ ಮೇಲೆ ಪ್ರತಿ ವರ್ಷ ನಡೆಯುವ ಮಕ್ಕಳ ಪಂದ್ಯದಲ್ಲಿ ರೇ ಚಿಕ್ಕವನಿದ್ದಾಗ ಗೆದ್ದ ಕಪ್ಪುಗಳು, ಅವುಗಳ ಪಕ್ಕದಲ್ಲಿ ಅವನ ಮಕ್ಕಳು ಗೆದ್ದವು. ಅದೇ ಪಂದ್ಯದಲ್ಲಿ ಕರ್ಟ್ ಅಣ್ಣನ ಬಂಡಿ ಹಾರಿಸಿದ ಹಿಮದ ಪುಡಿ ತಿಂದದ್ದೇ ಬಂತು.

ರೇ ಅವನ ನೋಟವನ್ನು ಹಿಂಬಾಲಿಸಿದ. "ನಿಮ್ಮ ಮನೇಲಿ ಕಪ್ಪು ಅಂದ್ರೆ ಕಾಫಿ ಕುಡಿಯೋದು ಮಾತ್ರ, ಅಲ್ವೇನೋ?"

ಕರ್ಟ್ ಇದ್ದುದರಲ್ಲೇ ಒಳ್ಳೆಯ ಪುಟ್ಟ ಬಂಡಿ, ಗಾಳಿ ನುಗ್ಗದ ಉಡುಪು, ಮೊಣಕಾಲಿನವರೆಗಿನ ಬೂಟು, ಎದೆಗವಚ, ಎಲ್ಲವನ್ನೂ ಆರಿಸಿದ. ಕೊನೆಗೆ ರೇ ಸುರುಳಿ ಸುತ್ತಿದ ಕೆಂಪು ದಾರವೊಂದನ್ನು ಕೊಟ್ಟ. ಅದರ ಒಂದು ತುದಿ ಸವಾರನ ಅಂಗಿಗೆ, ಇನ್ನೊಂದು ತುದಿ ಬಂಡಿಗೆ. ಸವಾರ ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲುತ್ತದೆ.

"ಬೇರೆಲ್ಲ ಮರೆತ್ರೂ ಇದನ್ನ ಮರೀಬೇಡ," ಎಂದು ಕರ್ಟ್ ಮನೆಯ ಹಿಂದಿನ ಕೆರೆದಂಡೆಯಲ್ಲಿ ವಾರವಿಡೀ ಮಗಳಿಗೆ ಪಾಠ ಹೇಳಿದ. "ಭಯ ಆದ್ರೆ ಎಳಿ. ಅನುಮಾನ ಬಂದ್ರೆ ಎಳಿ. ಎಳೆದ್ರೆ ಎಲ್ಲ ನಿಂತುಹೋಗುತ್ತೆ."

"ಎಲ್ಲಾನಾ?"

"ಎಲ್ಲಾನೂ."

ಸೈಮಾ ಮಂಜುಗಡ್ಡೆಯ ಮೇಲೆ ಬಾಣದಂತೆ ಹೋಗುವಳು. ದೂರದಲ್ಲಿ ದಾರ ಎಳೆಯುವಳು. ಕತ್ತು ಓರೆ ಮಾಡಿ ಸುಮ್ಮನೆ ಕೂರುವಳು. ಆಮೇಲೆ ವಾಪಸು ಬರುವಳು. ಎಷ್ಟು ಜೋಪಾನದ ಮಗು ಎಂದು ಕರ್ಟ್‌ಗೆ ಹೆಮ್ಮೆಯಾಯಿತು.

ಪಂದ್ಯದ ಬೆಳಿಗ್ಗೆ ಸೈಮಾಳ ಅಜ್ಜಿ ಎಂದಿನಂತೆ ಗಂಜಿಯ ಮುಂದೆ ಬೈಬಲ್ ತೆರೆದು ಕೀರ್ತನೆ ಓದತೊಡಗಿದಳು. ಅವಳ ಓದು ಮುಗಿಯುವವರೆಗೆ ಆ ಮನೆಯಲ್ಲಿ ಯಾರೂ ಚಮಚ ಮುಟ್ಟುವಂತಿಲ್ಲ. ಸೈಮಾಳಿಗೆ ಅದನ್ನು ಕಲಿಸಿದವನು ಕರ್ಟನೇ. ಆದರೆ ಅಜ್ಜಿ ಅಂದೇ ಎಲ್ಲಕ್ಕಿಂತ ಉದ್ದದ ಕೀರ್ತನೆ ಹಿಡಿದಿದ್ದಳು. ಸಾಲು ಸಾಲಿಗೂ ನಿಂತು, ಆ ಸಾಲು ಒಳಗಿಳಿಯಲೆಂದು ಕಾದು, ಮುಂದಿನದಕ್ಕೆ ಹೋಗುತ್ತಿದ್ದಳು. ಕರ್ಟನ ಕೈ ತಾನಾಗಿ ಚಮಚದತ್ತ ಹರಿಯಿತು. ಸೈಮಾ ಆ ಕೈಯನ್ನು ಮೆಲ್ಲಗೆ ಒತ್ತಿ ಹಿಡಿದಳು.

"ಅಪ್ಪ, ಅಜ್ಜಿ ಇನ್ನೂ ಮುಗಿಸಿಲ್ಲ."

ಕೆರೆಯ ಮೇಲೆ ಆರು ಬಂಡಿಗಳು ಸಾಲಾಗಿ ನಿಂತವು. ಸ್ಪ್ರೂಸ್ ಮರದ ಕೊಂಬೆ ನೆಟ್ಟು ದಾರಿ ಗುರುತಿಸಿದ್ದರು. ಎರಡು ಸುತ್ತು. ಬಾವುಟ ಇಳಿಯಿತು. ಮೊದಲ ತಿರುವಿಗೇ ಕಿತ್ತಳೆ ಹೆಲ್ಮೆಟ್ಟು ಎಲ್ಲರಿಗಿಂತ ಮುಂದಿತ್ತು.

"ಓಡಿಸು! ಓಡಿಸು! ಬಿಡಬೇಡ!" ಕರ್ಟನ ಗಂಟಲು ಒಡೆಯಿತು. ಪಕ್ಕದಲ್ಲಿ ರೇ ತುದಿಗಾಲ ಮೇಲೆ ನಿಂತಿದ್ದ.

ಎರಡನೆಯ ತಿರುವಿನಲ್ಲಿ ಆ ಬಂಡಿ ಕೊಂಬೆಗಳ ಪಕ್ಕಕ್ಕೆ ಸರಿದು ನಿಂತುಬಿಟ್ಟಿತು. ಉಳಿದ ಐದೂ ಒಂದರ ಹಿಂದೊಂದು ಅದನ್ನು ದಾಟಿ ಹೋದವು.

ಕರ್ಟ್ ಜಾರುತ್ತ, ಏಳುತ್ತ ಓಡಿದ. ಹಿಂದೆಯೇ ರೇ. ಸೈಮಾ ಬಿದ್ದಿರಲಿಲ್ಲ. ಹೆಲ್ಮೆಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು. ಕೆಂಪು ದಾರ ಅವಳ ಮುಷ್ಟಿಯಲ್ಲಿತ್ತು.

"ಏನಾಯ್ತು ಮರೀ? ಭಯ ಆಯ್ತಾ?"

"ಶ್! ಕಾಲಡಿ ಗುಂಯ್ ಅಂತು. ನಮ್ಮನೆ ಹಿಂದೇನೂ ಹಿಂಗೇ ಅಂತಿತ್ತು. ಇಲ್ಲಿ ಇನ್ನೂ ಜೋರಾಗಿದೆ."

ಬಂಡಿಗಳ ಸದ್ದು ಆಚೆ ದಡದತ್ತ ದೂರವಾಯಿತು. ಆಗ ಕೆಳಗಿನಿಂದ ಎದ್ದಿತು ಒಂದು ದನಿ. ಚಳಿಗೆ ಬಿಗಿದ ಮಂಜುಗಡ್ಡೆ ಆ ದಡದಿಂದ ಈ ದಡಕ್ಕೆ ತಂಬೂರಿಯ ತಂತಿಯಂತೆ ಮೊರೆಯಿತು, ನಿಂತಿತು, ಒಂದು ಗಳಿಗೆ ಕಾಯಿತು, ಮತ್ತೆ ರಾಗ ಹಿಡಿಯಿತು.

"ಲೋ, ಇನ್ನೊಂದು ಸುತ್ತಿದೆ ಕಣೋ!" ರೇ ಏದುಸಿರಿನಲ್ಲಿ ಕೂಗಿದ. ತನ್ನ ಅಂಗಡಿಯ ಬಂಡಿ ಊರೆದುರು ನಿಂತುಹೋದದ್ದು ಅವನಿಗೂ ಚುಚ್ಚಿತ್ತು. "ಕೊನೇ ಮೂರು ಮಕ್ಕಳು ಆಮೆ ಥರ ಹೋಗ್ತಿವೆ. ಮೂರನೇ ಕಪ್ಪಾದ್ರೂ ಸಿಗುತ್ತೆ. ದಾರ ಸಿಕ್ಕಿಸು!"

ಕರ್ಟ್ ಮಂಜಿನ ಮೇಲೆ ಮಂಡಿಯೂರಿ ಕೈ ಚಾಚಿದ. "ಚಿನ್ನ, ನನ್ನ ಬಂಗಾರ, ಆ ದಾರ ಕೊಡು. ನಿನ್ನ ದಮ್ಮಯ್ಯ."

ಸೈಮಾ ಚಾಚಿದ ಆ ಕೈಯನ್ನು ಮೆಲ್ಲಗೆ ಒತ್ತಿ ಕೆಳಗಿಳಿಸಿದಳು. ದಾರವಿದ್ದ ಮುಷ್ಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಕೊಡಲ್ಲ. ಕೆರೆ ಇನ್ನೂ ಮುಗಿಸಿಲ್ಲ."