ಕೋನಪ್ಪನ ವ್ರತ

"ಬೇಡಮ್ಮ, ಇವತ್ತು ಶನಿವಾರ," ಎಂದು ಕೋನಪ್ಪ ತಟ್ಟೆಗೆ ಅಂಗೈ ಅಡ್ಡ ಹಿಡಿದ. ಮೀನಿನ ತುಂಡಿದ್ದ ಸೌಟು ಅಲ್ಲೇ ನಿಂತಿತು.

"ಹೋದ ಶನಿವಾರ ತಿಂದ್ರಲ್ಲ ಸಾರ್?" ಎಂದಳು ಮೀನು ಮಾರುವ ಅಖ್ತರಿ.

"ಈಗ ವ್ರತ ಹಿಡಿದಿದ್ದೀನಿ."

ಚಿಂತಾಮಣಿ ಪಕ್ಕದ ಕೆರೆಯ ಮೀನುಗಳ ಲಿವರನ್ನಷ್ಟೇ ಸಂಶೋಧನೆಗೆಂದು ಕತ್ತರಿಸಿಕೊಂಡು, ಮಿಕ್ಕಿದ್ದನ್ನು ಅವನು ವರ್ಷದಿಂದ ಅಖ್ತರಿಯ ಅಡಿಗೆಗೇ ಬಿಡುತ್ತಿದ್ದ. ಅವಳ ಮನೆಯಲ್ಲೇ ಉಣ್ಣುತ್ತಿದ್ದ. ಆ ಮೀನಿನಲ್ಲಿ ಸೀಸದ ವಿಷವಿದೆ ಎಂದು ಮೊನ್ನೆ ಲ್ಯಾಬಿನಲ್ಲಿ ಗೊತ್ತಾಗಿತ್ತು. ಪ್ರಬಂಧ ಅಚ್ಚಾಗುವ ತನಕ ಬಾಯಿ ಬಿಡಬೇಡ ಎಂದು ಗೈಡ್ ಹೇಳಿದ್ದರು. ಅವನೂ ತಲೆಯಾಡಿಸಿದ್ದ.

"ವ್ರತ ಅಂದ್ಮೇಲೆ ಬಲವಂತ ಮಾಡಬಾರದು ಬಿಡಿ," ಎಂದು ಅಖ್ತರಿ ಆ ತುಂಡನ್ನು ಬಸುರಿ ಮಗಳ ತಟ್ಟೆಗೆ ಹಾಕಿದಳು. "ತಿನ್ನು ಬೇಟಿ, ಹೊಟ್ಟೇಲಿರೋ ಮಗೂಗೆ ಒಳ್ಳೇದು."

ಕೋನಪ್ಪ ತಲೆ ಬಗ್ಗಿಸಿ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡ.