ಹಂಡೆಯ ಬಾಯಿಗೆ ಕಟ್ಟಿದ ಬಟ್ಟೆ

ಏಪ್ರಿಲ್ ಬಂತೆಂದರೆ ನಾಬಲ್ ಊರಿನ ಅಂಗಳಗಳಲ್ಲಿ ತಾಮ್ರದ ಹಂಡೆಗಳು ಒಲೆ ಏರುತ್ತವೆ. ಲಲ್ಲಾ ಶಾದ್ಲಿಯಾಳ ಮನೆಯಲ್ಲಿ ಅಂದು ಬೆಳಗಿನಿಂದಲೇ ಕಹಿಕಿತ್ತಳೆ ಹೂವಿನಿಂದ ಪರಿಮಳದ ನೀರಿಳಿಸುವ ಭಟ್ಟಿ ನಡೆದಿತ್ತು. ಬಿಳಿ ಹಾಸಿನ ಮೇಲೆ ಹರವಿದ ಹೂವಿನಿಂದ ಕಡ್ಡಿ, ಎಲೆ ಆರಿಸುವುದು ಸೊಸೆ ದಲೆಂದಾಳ ಕೆಲಸ. ಭಟ್ಟಿ ಇಳಿಸಲು ಬಂದವಳು ಮುದುಕಿ ಮಬ್ರೂಕಾ. ನಲವತ್ತು ವರ್ಷಗಳಿಂದ ಆ ಬೀದಿಯ ಎಲ್ಲ ಮನೆಗಳಿಗೂ ಅವಳದೇ ಹಂಡೆ, ಅವಳದೇ ಕೈ.

ಒಲೆ ಹೊತ್ತಿಸುವ ಮೊದಲು ಅವಳು ಪ್ರತಿ ವರ್ಷದ ಮಾತನ್ನೇ ಆಡಿದ್ದಳು. "ಇವತ್ತು ಮೀನು ಹುರಿಯೋ ಹಾಗಿಲ್ಲ. ಯಾರೂ ಸೆಂಟು ಗಿಂಟು ಹಾಕ್ಕೊಂಡಿಲ್ಲ ತಾನೆ? ಈ ನೀರು ಪಕ್ಕದಲ್ಲಿರೋ ವಾಸನೇನೆಲ್ಲ ಕುಡಿದುಬಿಡುತ್ತೆ."

"ಇಲ್ಲ ಖಾಲ್ತಿ," ಎಂದಿದ್ದಳು ದಲೆಂದಾ. ಬೀದಿಯ ಹೆಂಗಸರಿಗೆಲ್ಲ ಮಬ್ರೂಕಾ 'ಖಾಲ್ತಿ', ಚಿಕ್ಕಮ್ಮ.

ಸುಳ್ಳೇನೂ ಅಲ್ಲ. ಸೂಸ್ ಪಟ್ಟಣದ ಹೋಟೆಲಿನಲ್ಲಿ ಕೆಲಸಕ್ಕಿರುವ ಗಂಡ ಮೂರು ದಿನದ ಹಿಂದೆ ಬಂದಾಗ ಒಂದು ಸೀಸೆ ಸೆಂಟು ತಂದುಕೊಟ್ಟಿದ್ದ. ಅತ್ತೆಗೆ ಕಾಣದಂತೆ ಅದನ್ನು ಹಾಸಿಗೆಯ ಸುರುಳಿಯೊಳಗೆ ಇಟ್ಟಿದ್ದಳು. ಮೈಗೆ ಹಾಕಲು ಮನಸ್ಸು ಬಾರದೆ ತಲೆವಸ್ತ್ರದ ಅಂಚಿಗಷ್ಟೇ ಅಂದೇ ಎರಡು ಹನಿ ಹಾಕಿದ್ದಳು. ಪರಿಮಳ ಮೊದಲು ಆಗಷ್ಟೇ ಕಚ್ಚಿದ ಪೀಚ್ ಹಣ್ಣಿನಂತೆ, ಆಮೇಲೆ ಮಲ್ಲಿಗೆಯಂತೆ, ಕೊನೆಗೆ ಬಿಸಿ ಪಾಯಸದ ಪಾತ್ರೆ ಪಕ್ಕದಲ್ಲಿದ್ದಂತೆ ಬೆಚ್ಚಗೆ. ಮರುದಿನಕ್ಕೆ ಅವಳ ಮೂಗಿಗೆ ಏನೂ ತಾಕಲಿಲ್ಲ. ಹೋಯಿತೆಂದೇ ತಿಳಿದಿದ್ದಳು.

ಹೊತ್ತೇರುವಾಗ ಹಂಡೆಗೂ ಮುಚ್ಚಳಕ್ಕೂ ನಡುವೆ ಬಿಗಿದಿದ್ದ ಬಟ್ಟೆಯ ಪಟ್ಟಿ ಹರಿದು ಹಬೆ ಬುಸುಗುಟ್ಟಿತು. "ಬಟ್ಟೆ ಕೊಡೇ ಬೇಗ, ಹೂವಿನ ಜೀವ ಹೋಗ್ತಿದೆ," ಎಂದು ಮಬ್ರೂಕಾ ಕೂಗಿದಳು. ದಲೆಂದಾ ತಾನು ಹೊದ್ದಿದ್ದ ತಲೆವಸ್ತ್ರದ ಅಂಚನ್ನೇ ಸೀಳಿ, ನೀರಲ್ಲಿ ಅದ್ದಿ ಕೊಟ್ಟಳು. ಮುದುಕಿ ಹಬೆಯ ಮೇಲೇ ಕಣ್ಣಿಟ್ಟು ಸುತ್ತಿದಳು.

ಮಧ್ಯಾಹ್ನ ಶಾದ್ಲಿಯಾ ಹೂವಿನ ನೀರಿನ ಮೊದಲ ಸೀಸೆಗೆ ಮೂಗು ಒಡ್ಡಿದಳು. "ಏನಿದು ಮಬ್ರೂಕಾ? ಪೀಚ್ ಹಣ್ಣು ಬೇಯಿಸಿದ್ಯಾ ಇದರಲ್ಲಿ?"

ಮಬ್ರೂಕಾ ಅಂಗೈಗೆ ಒಂದು ತೊಟ್ಟು ಹಾಕಿ ಉಜ್ಜಿ, ಬಹಳ ಹೊತ್ತು ಮೂಸಿದಳು.

"ನನ್ನ ಮಗಳ ಮದುವೆ ತಿಂಡಿಗೆ ಹಾಕೋ ನೀರಿದು," ಎಂದು ಶಾದ್ಲಿಯಾ ರೇಗಿದಳು. "ನಿನ್ನೆ ಯಾರ ಮನೇಲಿ ಏನು ಕುದಿಸಿದ್ದೆಯೋ. ಹಂಡೆ ತಿಕ್ಕೋ ಶಕ್ತಿ ಇಲ್ದಿದ್ರೆ ಮನೇಲಿ ಕೂತ್ಕೋಬೇಕಪ್ಪ."

ಮಬ್ರೂಕಾ ಹಂಡೆಯ ಬಾಯಿಯಿಂದ ಪಟ್ಟಿ ಬಿಚ್ಚಿದಳು. ಅದರ ಅಂಚಿಗೆ ನೀಲಿ ದಾರದ ಹೊಲಿಗೆಯಿತ್ತು. ಅವಳ ಕಣ್ಣು ದಲೆಂದಾಳ ತಲೆವಸ್ತ್ರದ ಮೇಲೆ, ನೀಲಿ ಹೊಲಿಗೆ ಅರ್ಧಕ್ಕೇ ನಿಂತ ಕಡೆ ನಿಂತಿತು. ಒಂದು ಮಾತಿಗೆ ಸಾಕಾಗುವಷ್ಟು ಹೊತ್ತು ಕಾದಳು. ದಲೆಂದಾ ತಲೆ ತಗ್ಗಿಸಿ, ಆಗಲೇ ಆರಿಸಿ ಮುಗಿದಿದ್ದ ಹೂವಿನಲ್ಲಿ ಮತ್ತೆ ಕಡ್ಡಿ ಹುಡುಕತೊಡಗಿದಳು.

"ಹಂಡೆ ನಂದು. ತಪ್ಪೂ ನಂದೇ ಇರಬೇಕು," ಎಂದಳು ಮಬ್ರೂಕಾ.

ಮೊದಲ ಸೀಸೆ ಯಾವಾಗಲೂ ಭಟ್ಟಿ ಇಳಿಸಿದವಳಿಗೆ. ಆ ದಿನ ಯಾರೂ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಹಂಡೆ ಹೊತ್ತು ಬಾಗಿಲಿಗೆ ಬಂದಾಗ ಎದುರುಮನೆಯ ಝಕಿಯಾ, "ನಾಳೆ ನಮ್ಮನೆ ತಾನೆ ಖಾಲ್ತಿ?" ಎಂದಳು.

"ಹಂಡೆ ಮೂಸಿ ನೋಡಿ ಕರೆಯೇ," ಎಂದಳು ಒಳಗಿನಿಂದ ಶಾದ್ಲಿಯಾ.

ಝಕಿಯಾ ಅತ್ತ ಇತ್ತ ನೋಡಿದಳು. "ಇರಲಿ, ಹೇಳಿ ಕಳಿಸ್ತೀನಿ."

ಮುದುಕಿ ಮರೆತಿದ್ದ ಭಟ್ಟಿಯ ಕೊಳವೆ ಹಿಡಿದು ದಲೆಂದಾ ಹೊಸ್ತಿಲವರೆಗೆ ಓಡಿ ಬಂದಳು. ಬಾಯಿ ತೆರೆದಳು, ಹಿಂದೆ ಅತ್ತೆಯ ಹೆಜ್ಜೆ ಸಪ್ಪಳವಾಯಿತು, ಮುಚ್ಚಿದಳು. ಮಬ್ರೂಕಾ ಕೊಳವೆ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿದ ಆ ಒದ್ದೆ ಪಟ್ಟಿಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ಒಳ್ಳೇ ಸೆಂಟೇ ಕಣೆ ಮಗಳೇ," ಎಂದಳು ಮೆಲ್ಲಗೆ. "ಇಷ್ಟು ಹೊತ್ತು ಹಬೇಲಿ ಬೆಂದರೂ ಹೋಗಿಲ್ಲ ನೋಡು."