ಹೂರಣದ ಪರೀಕ್ಷೆ

ಐಸಿಯುವಿನ ಮಂಚಗಳೆಲ್ಲ ರೋಗಿಯ ಮನಸ್ಸಿನ ಮಾತನ್ನು ಗಟ್ಟಿಯಾಗಿ ಆಡಿಬಿಡುವ ಕಾಲವದು. ಬಸಲಿಂಗವ್ವನ ಮಂಚ ಮಾತ್ರ ಆಪರೇಷನ್ ಆದಾಗಿನಿಂದ ಪಿಟಕ್ಕೆಂದಿರಲಿಲ್ಲ. ಮನೆಯವರು ಒಂದು ಸುಳ್ಳು ಹೇಳಬೇಕು, ರೋಗಿ ಅದನ್ನು ಹಿಡಿದರೆ ಬುದ್ಧಿ ನೆಟ್ಟಗಿದೆಯೆಂದು ವಾರ್ಡಿಗೆ ಕಳಿಸಬೇಕು. ಅದು ಅಲ್ಲಿಯ ಪದ್ಧತಿ.

ಸುಳ್ಳು ಹೇಳುವ ಸರದಿ ಸೊಸೆ ಶಾಂತವ್ವನದು. ಒಳ್ಳೆಯದೊಂದು ಸುಳ್ಳು ಹೊಳೆಯುವ ತನಕ ಮನೆಯ ಸುದ್ದಿಯನ್ನಾದರೂ ಹೇಳೋಣವೆಂದು ಶುರುಮಾಡಿದಳು. "ಅತ್ತಿ, ಹುಣ್ಣಿಮಿಗೆ ಹೋಳಿಗಿ ಮಾಡಿದ್ನಿರಿ. ಹೂರಣಕ್ಕ ಸಕ್ಕರಿ ಹಾಕೀನ್ರಿ."

"ಸಕ್ಕರಿ? ಯಾಕ, ಬೆಲ್ಲಕ್ಕೇನು ಬ್ಯಾನಿ ಬಂದಿತ್ತು?" ಮಂಚ ಗುಡುಗಿತು.

"ಸುಳ್ಳು ಹಿಡಿದೇಬಿಟ್ಟರು! ಪಾಸು!" ನರ್ಸ್ ಚಪ್ಪಾಳೆ ತಟ್ಟಿದಳು.

"ಸುಳ್ಳು ನಾ ಇನ್ನೂ ಹೇಳೇ ಇಲ್ರೀ ಸಿಸ್ಟರ್," ಶಾಂತವ್ವ ಪಿಸುಗುಟ್ಟಿದಳು.

"ಕೇಳಿಸ್ತು. ಮನಿಗೆ ಬರ್ತೀನಿ, ತಾಳು," ಎಂದಿತು ಮಂಚ.

ಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಲಗೂ ಬರ್ರಿ ಅತ್ತಿ."